ವೈದ್ಯ ವಿದ್ಯಾರ್ಥಿಗಳ ಪ್ರಶ್ನೋತ್ತರ: ಕೆಟ್ಟಿರುವುದು ಎಲ್ಲಿ?

ಪ್ರಶ್ನೆ: ಕಿರ್ಗಿಸ್ತಾನದಲ್ಲಿ ವೈದ್ಯ ಪದವಿ ಮುಗಿಸಿ ಬಂದಿದ್ದೇನೆ. ವಿದೇಶಿ ಪದವೀಧರರಿಗಾಗಿ ನಡೆಯುವ ಎಫ್‌ಎಂಜಿಇ ಪರೀಕ್ಷೆ ಕಳೆದ ಸಲ ಕೆಲವೇ ಅಂಕಗಳಲ್ಲಿ ಕೈತಪ್ಪಿತು. ಬೇರೆ ವಿಷಯಗಳು ಹೇಗೋ ಹಿಡಿತಕ್ಕೆ ಬಂದಿವೆ. ನರರೋಗಗಳ ಭಾಗವನ್ನು ಮಾತ್ರ ಮೂರು ಸಲ ಓದಿದರೂ ವಾರದೊಳಗೆ ಮರೆತುಹೋಗುತ್ತದೆ. ಒಟ್ಟಿಗೆ ಕಾಣಿಸುವ ಲಕ್ಷಣಗಳ ಗುಂಪುಗಳಾದ ಸಿಂಡ್ರೋಮ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡದೆ ಬೇರೆ ದಾರಿಯುಂಟೆ? ಅಥವಾ ಈ ಭಾಗವನ್ನೇ ಬಿಟ್ಟುಬಿಡಲೆ?
– ಓದುಗ, ಸಾಗರ

ಉತ್ತರ: ಬಿಡಬೇಡಿ. 300 ಪ್ರಶ್ನೆಗಳಲ್ಲಿ 150 ಸರಿಯಾದರೆ ತೇರ್ಗಡೆಯಾಗುವ, ತಪ್ಪು ಉತ್ತರಕ್ಕೆ ಅಂಕ ಕಳೆಯದ ಈ ಪರೀಕ್ಷೆಯಲ್ಲಿ ನರವಿಜ್ಞಾನವು ಮೆಡಿಸಿನ್ ವಿಭಾಗದಲ್ಲಷ್ಟೇ ಇರುವುದಿಲ್ಲ; ಅಂಗರಚನೆ, ಔಷಧಶಾಸ್ತ್ರ, ಕಣ್ಣಿನ ವಿಷಯಗಳಲ್ಲೂ ವೇಷ ಮರೆಸಿಕೊಂಡು ಬರುತ್ತದೆ. ನೀವು ಮರೆಯುತ್ತಿರುವುದಕ್ಕೆ ಕಾರಣ ನೆನಪಿನ ಶಕ್ತಿಯ ಕೊರತೆಯಲ್ಲ, ರೋಗದ ಹೆಸರಿನಿಂದ ಓದು ಶುರುಮಾಡುತ್ತಿರುವುದು ಎಂದು ನನಗನ್ನಿಸುತ್ತದೆ. ಪ್ರಶ್ನೆಪತ್ರಿಕೆ ನಿಮ್ಮ ಮುಂದಿಡುವುದು ಹೆಸರನ್ನಲ್ಲ, ಒಬ್ಬ ರೋಗಿಯನ್ನು. ಕೆಟ್ಟಿರುವುದು ಎಲ್ಲಿ ಎಂದು ಮೊದಲು ಕೇಳಿ, ಎಷ್ಟು ಬೇಗ ಕೆಟ್ಟಿತು ಎಂದು ಆಮೇಲೆ ಕೇಳಿ. ನಿಮಿಷಗಳಲ್ಲಿ ಬಂದದ್ದಾದರೆ ರಕ್ತನಾಳವನ್ನೂ, ದಿನಗಳಲ್ಲಾದರೆ ಸೋಂಕು ಅಥವಾ ಉರಿಯೂತವನ್ನೂ, ವಾರ ತಿಂಗಳುಗಳಲ್ಲಾದರೆ ಗಡ್ಡೆ ಅಥವಾ ಕ್ಷಯವನ್ನೂ, ವರ್ಷಗಳಲ್ಲಾದರೆ ಸವಕಳಿಯ ರೋಗಗಳನ್ನೂ ಮೊದಲು ಅನುಮಾನಿಸಬಹುದು.

ಒಂದು ಉದಾಹರಣೆ. ಐವತ್ತೈದು ವರ್ಷದ ರಕ್ತದೊತ್ತಡದ ರೋಗಿಗೆ ಬೆಳಿಗ್ಗೆ ಇದ್ದಕ್ಕಿದ್ದಂತೆ ತಲೆಸುತ್ತು, ವಾಂತಿ. ಧ್ವನಿ ಒಡೆದಿದೆ, ನೀರು ನುಂಗಿದರೆ ನೆತ್ತಿಗೇರುತ್ತದೆ. ಎಡಗಣ್ಣಿನ ರೆಪ್ಪೆ ತುಸು ಇಳಿದಿದ್ದು, ಆ ಕಣ್ಣಿನ ಪಾಪೆ ಚಿಕ್ಕದಾಗಿದೆ. ಸೂಜಿ ಚುಚ್ಚಿದರೆ ಮುಖದ ಎಡಭಾಗಕ್ಕೂ ಬಲಗೈ ಬಲಗಾಲಿಗೂ ನೋವು ತಿಳಿಯುತ್ತಿಲ್ಲ. ಕೈಕಾಲುಗಳ ಶಕ್ತಿ ಮಾತ್ರ ಚೆನ್ನಾಗಿದೆ. ಮುಖ ಒಂದು ಕಡೆ, ಮೈ ಇನ್ನೊಂದು ಕಡೆ ಎಂದೊಡನೆ ಮಿದುಳುಕಾಂಡ ಎನ್ನಿ. ಧ್ವನಿ ಮತ್ತು ನುಂಗುವಿಕೆ ಕೆಟ್ಟಿರುವುದರಿಂದ ಜಾಗ ಮೆಡುಲಾ, ಅಂದರೆ ಮಿದುಳುಕಾಂಡದ ಕೆಳಭಾಗ. ಮೈಯ ನೋವನ್ನು ಒಯ್ಯುವ ಎಳೆಗಳು ಬೆನ್ನುಹುರಿಯಲ್ಲೇ ದಾಟಿ ಬಂದಿರುತ್ತವೆ, ಮುಖದವು ಇನ್ನೂ ದಾಟಿರುವುದಿಲ್ಲ. ಆದ್ದರಿಂದ ಗಾಯ ಎಡಗಡೆಗಿದೆ. ಶಕ್ತಿಯ ಎಳೆಗಳು ಮೆಡುಲಾದ ಮುಂಭಾಗದಲ್ಲಿ, ನಡುಗೆರೆಯ ಪಕ್ಕದಲ್ಲೇ ಇಳಿಯುವುದರಿಂದ ಅವು ಉಳಿದಿವೆ ಎಂದರೆ ಕೆಟ್ಟಿರುವುದು ಹೊರಪಕ್ಕ. ಇಷ್ಟಾದ ಮೇಲೆ ವಾಲೆನ್‌ಬರ್ಗ್ ಸಿಂಡ್ರೋಮ್ ಎಂಬ ಹೆಸರು ತಾನಾಗಿ ಬರುತ್ತದೆ; ವರ್ಟಿಬ್ರಲ್ ರಕ್ತನಾಳ ಅಥವಾ ಅದರ ಕವಲು ಮುಚ್ಚಿಕೊಂಡಿದೆ. ಮೆಡುಲಾದ ಅಡ್ಡಸೀಳಿಕೆಯ ಚಿತ್ರವನ್ನು ಪುಸ್ತಕ ಮುಚ್ಚಿ ನಿಮ್ಮ ಕೈಯಿಂದಲೇ ಹತ್ತು ಸಲ ಬರೆಯಿರಿ. ಚಿತ್ರ ಸೊಟ್ಟಗಿದ್ದರೂ ಪರವಾಗಿಲ್ಲ, ನನ್ನದು ಇಂದಿಗೂ ಆಲೂಗೆಡ್ಡೆಯಂತೆಯೇ ಇದೆ.

ಇದೇ ತರ್ಕ ಬೇರೆಡೆಯೂ ನಡೆಯುತ್ತದೆ. ಮುಖದ ಒಂದು ಪಕ್ಕ ಸೋತಿದ್ದು ಹಣೆ ಸುಕ್ಕುಗಟ್ಟಿದರೆ ತೊಂದರೆ ಮಿದುಳಿನಲ್ಲಿ, ಹಣೆಯೂ ಸೋತಿದ್ದರೆ ನರದಲ್ಲಿ. ಮೂರನೆಯ ಕಪಾಲ ನರ ಸೋತು ಪಾಪೆ ಹಿಗ್ಗಿದ್ದರೆ, ಅದರಲ್ಲೂ ತಲೆನೋವಿದ್ದರೆ, ರಕ್ತನಾಳದ ಉಬ್ಬು ನರವನ್ನು ಒತ್ತುತ್ತಿರಬಹುದು. ಮಧುಮೇಹ ಸಾಮಾನ್ಯವಾಗಿ ಪಾಪೆಯನ್ನು ಬಿಟ್ಟುಬಿಡುತ್ತದೆ, ಏಕೆಂದರೆ ಅದು ಕೆಡಿಸುವುದು ನರದ ಒಳಭಾಗವನ್ನು, ಪಾಪೆಯ ಎಳೆಗಳು ಇರುವುದು ನರದ ಮೇಲ್ಮೈಯಲ್ಲಿ.

ಬಾಯಿಪಾಠವೇ ಬೇಕಾದ ಅಂಕಿಗಳೂ ಕೆಲವಿವೆ. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆದಾಗ ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಕೊಡಬೇಕಾದದ್ದು ಲಕ್ಷಣ ಶುರುವಾದ 4.5 ಗಂಟೆಯೊಳಗೆ, ಪ್ರಮಾಣ ಕಿಲೋಗೆ 0.9 ಮಿ.ಗ್ರಾಂ., ಗರಿಷ್ಠ 90. ಅದಕ್ಕೆ ಮುನ್ನ ಸಿ.ಟಿ. ಮತ್ತು ರಕ್ತದ ಸಕ್ಕರೆ ನೋಡಿ, ಒತ್ತಡವನ್ನು 185/110ಕ್ಕಿಂತ ಕೆಳಗಿಳಿಸಬೇಕು. ಐದು ನಿಮಿಷ ದಾಟಿದ ಸೆಳವನ್ನು ಸ್ಟೇಟಸ್ (ತಾನಾಗಿ ನಿಲ್ಲದ ಸೆಳವು) ಎಂದೇ ಎಣಿಸಿ ಔಷಧ ಶುರುಮಾಡಬೇಕು. ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ಎರಗುವ ಗಿಯಾನ್–ಬಾರೆ ರೋಗದಲ್ಲಿ ಸ್ಟೀರಾಯ್ಡ್ ಎಂಬ ಆಯ್ಕೆ ಕಣ್ಣಿಗೆ ಬಿದ್ದರೆ ಅದು ಬಲೆ. ಈ ರೋಗಿಯ ಆಮ್ಲಜನಕದ ಮಟ್ಟ ಕುಸಿಯುವವರೆಗೆ ಕಾಯದೆ ವೈಟಲ್ ಕೆಪಾಸಿಟಿಯನ್ನು (ಪೂರ್ತಿ ಉಸಿರೆಳೆದು ಹೊರಬಿಡಬಲ್ಲ ಗಾಳಿಯ ಪ್ರಮಾಣವನ್ನು) ಮತ್ತೆ ಮತ್ತೆ ಅಳೆಯಬೇಕು.

ನಮ್ಮ ನೆಲದ ಎರಡು ಸಂಗತಿಗಳನ್ನು ವಿದೇಶದ ತರಗತಿಯಲ್ಲಿ ನಿಮಗೆ ಬಹುಶಃ ಯಾರೂ ಹೇಳಿರಲಾರರು. ರಾತ್ರಿ ನೆಲದ ಮೇಲೆ ಮಲಗಿದವನು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು, ರೆಪ್ಪೆ ಎತ್ತಲಾಗದೆ, ನುಂಗಲಾಗದೆ ಬಂದರೆ, ಮೈಮೇಲೆ ಗಾಯ ಕಾಣದಿದ್ದರೂ ಕಟ್ಟುಹಾವಿನ ಕಡಿತವೆಂದು ತಿಳಿದು ಪ್ರತಿವಿಷದ ಜೊತೆ ಉಸಿರಾಟಕ್ಕೂ ಆಸರೆ ಕೊಡಬೇಕು. ಇನ್ನೊಂದು, ದಕ್ಷಿಣ ಕರ್ನಾಟಕದಿಂದ ಹೆಚ್ಚಾಗಿ ವರದಿಯಾಗಿರುವ ಬಿಸಿನೀರಿನ ಮೂರ್ಛೆ: ಚೊಂಬಿನಿಂದ ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗಲೇ ಬರುವ ಈ ಸೆಳವಿಗೆ ನೀರಿನ ಬಿಸಿ ತಗ್ಗಿಸುವುದು ಮೊದಲ ಉಪಾಯ, ಸಾಲದಿದ್ದರೆ ತಲೆಸ್ನಾನಕ್ಕೆ ಮುಂಚೆ ಸೆಳವು ತಡೆಯುವ ಔಷಧ ಕ್ಲೋಬಜಾಮ್.

ಪ್ರಶ್ನೆ: ಆಯ್ಕೆ ಗುರುತಿಸುವ ಪರೀಕ್ಷೆಗೆ ಸುತ್ತಿಗೆ ಹಿಡಿದು ಮಂಡಿ ಬಡಿಯುವ ಅಭ್ಯಾಸ ಏಕೆ ಬೇಕು?
– ಓದುಗಿ, ವಿಜಯಪುರ

ಉತ್ತರ: ಕೈ ಮಾಡಿದ್ದನ್ನು ತಲೆ ಸುಲಭವಾಗಿ ಮರೆಯುವುದಿಲ್ಲ. ಮನೆಯಲ್ಲಿ ಯಾರನ್ನಾದರೂ ಕೂರಿಸಿ ಹಿಮ್ಮಡಿಯಿಂದ ಮೇಲೇರುತ್ತಾ ಬಡಿಯಿರಿ, ಪ್ರತಿ ಜಿಗಿತವನ್ನು ನಡೆಸುವ ಬೆನ್ನುಹುರಿಯ ನರಬೇರುಗಳ ಸಂಖ್ಯೆಯನ್ನು ಹೇಳುತ್ತಾ ಹೋಗಿ: ಹಿಮ್ಮಡಿಗೆ ಒಂದು–ಎರಡು, ಮಂಡಿಗೆ ಮೂರು–ನಾಲ್ಕು, ಬೈಸೆಪ್ಸ್‌ಗೆ ಐದು–ಆರು, ಟ್ರೈಸೆಪ್ಸ್‌ಗೆ ಏಳು–ಎಂಟು. ಮೊದಲನೆಯದು ಸೇಕ್ರಲ್ (ಸೊಂಟದ ಕೆಳಗಿನ), ಎರಡನೆಯದು ಲಂಬಾರ್ (ಸೊಂಟದ), ಕೊನೆಯೆರಡು ಸರ್ವೈಕಲ್ (ಕತ್ತಿನ) ಬೇರುಗಳು. ಮಂಡಿ ಜಿಗಿಯದಿದ್ದರೆ ಎರಡೂ ಕೈಬೆರಳುಗಳನ್ನು ಕೊಕ್ಕೆಯಂತೆ ಹೆಣೆದು ಜಗ್ಗಲು ಹೇಳಿ, ಆ ಕ್ಷಣಕ್ಕೇ ಮತ್ತೆ ಬಡಿದು ನೋಡಿ.