ಬಿಸಿಯಾದ ಎಂಜಿನ್ ಐಡ್ಲಿಂಗ್‌ನಲ್ಲಿ ನಡುಗಿ ಬಂದ್ ಬೀಳುತ್ತಿದ್ದರೆ ಮೊದಲು ಏನನ್ನು ನೋಡಬೇಕು?

ನಿಮ್ಮದು ಫ್ಯೂಯಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರು; ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಚಾಲೂ ಇರುವಾಗ) ಆರ್‌ಪಿಎಂ ಮುಳ್ಳು 500 ಮತ್ತು 900ರ ನಡುವೆ ಓಲಾಡುತ್ತದೆ, ಬ್ರೇಕ್ ಒತ್ತಿ ನಿಲ್ಲಿಸುವ ಹೊತ್ತಿಗೆ ಕೆಲವೊಮ್ಮೆ ಬಂದ್ ಬೀಳುತ್ತದೆ, ಕೀ ತಿರುಗಿಸಿದರೆ ಕೂಡಲೇ ಮತ್ತೆ ಚಾಲೂ ಆಗುತ್ತದೆ, ಓಡುವಾಗ ಮಾತ್ರ ಯಾವ ತಕರಾರೂ ಇಲ್ಲ. ಸ್ಪಾರ್ಕ್ ಪ್ಲಗ್ ಮತ್ತು ಏರ್ ಫಿಲ್ಟರ್ ಬದಲಾಯಿಸಿ, ಎಂಜಿನ್ನಿಗೆ ಗಾಳಿ ಬಿಡುವ ಕವಾಟವಿರುವ ಥ್ರಾಟಲ್ ಬಾಡಿ ಸ್ವಚ್ಛಗೊಳಿಸಿದರೂ ಗುಣ ಕಾಣದೆ, ಇನ್ನು ಫ್ಯೂಯಲ್ ಪಂಪ್ ಬದಲಾಯಿಸಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಪಂಪಿಗೆ ಕೈ ಹಾಕಬೇಡಿ ಎಂಬುದು ನನ್ನ ಸಲಹೆ. ಐಡ್ಲಿಂಗ್‌ನಲ್ಲಿ ಎಂಜಿನ್ನಿಗೆ ಬೇಕಾಗುವ ಪೆಟ್ರೋಲ್ ಅತ್ಯಲ್ಪ. ಪಂಪ್ ಸೊರಗಿದ್ದರೆ ಅದು ಮೊದಲು ಗೊತ್ತಾಗುವುದು ಏರು ಹತ್ತುವಾಗ ಅಥವಾ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ. ನಿಮ್ಮ ಕಾರಿನ ಲಕ್ಷಣ ಇದಕ್ಕೆ ತದ್ವಿರುದ್ಧವಾಗಿದೆ.

ಓಡುವಾಗ ಸರಿಯಿದ್ದು ನಿಂತಾಗ ಮಾತ್ರ ಕೆಡುತ್ತದೆ ಎಂದರೆ, ಅಳತೆಗೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಸೇರುತ್ತಿದೆಯೇ ಎಂದು ನಾನು ಮೊದಲು ಶಂಕಿಸುತ್ತೇನೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುವುದರಿಂದ ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಒಳಗಿನ ಒತ್ತಡ ಸುಮಾರು 30ರಿಂದ 40 ಕಿಲೋಪ್ಯಾಸ್ಕಲ್‌ಗೆ, ಅಂದರೆ ಹೊರಗಿನ ಒತ್ತಡದ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿದಿರುತ್ತದೆ. ಆಗ ಹೋಸ್‌ನಲ್ಲಿನ ಸಣ್ಣ ಬಿರುಕೂ ಗಾಳಿಯನ್ನು ಜೋರಾಗಿ ಎಳೆದುಕೊಳ್ಳುತ್ತದೆ. ಸುಮಾರು 14.7 ಭಾಗ ಗಾಳಿಗೆ ಒಂದು ಭಾಗ ಪೆಟ್ರೋಲ್ ಎಂಬ ತೂಕದ ಲೆಕ್ಕ ತಪ್ಪಿ ಮಿಶ್ರಣ ತೆಳುವಾಗುತ್ತದೆ, ಉರಿಯುವಿಕೆ ಹದಗೆಡುತ್ತದೆ. ವೇಗ ಹೆಚ್ಚಿದಾಗ ಒಳಬರುವ ಒಟ್ಟು ಗಾಳಿಯೇ ಬಹಳವಾಗುವುದರಿಂದ ಅದೇ ಸೋರಿಕೆ ಲೆಕ್ಕಕ್ಕಿಲ್ಲದಂತಾಗುತ್ತದೆ.

ಇದನ್ನು ಊಹೆಗೆ ಬಿಡದೆ ಅಳೆದು ನೋಡಲು ಸಾಧ್ಯವಿದೆ. ಕಾರಿನ ಕಂಪ್ಯೂಟರಿನಿಂದ ಅಂಕಿ ಮತ್ತು ದೋಷದ ಕೋಡ್ ಓದುವ ಓಬಿಡಿ ಸ್ಕ್ಯಾನರ್ ಹಾಕಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್‌ಗಳನ್ನು (ಮಿಶ್ರಣ ಸರಿಪಡಿಸಲು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿದೆ ಅಥವಾ ಇಳಿಸಿದೆ ಎಂಬ ಅಂಕಿಗಳನ್ನು) ಕೂಡಿಸಿ, ಒಮ್ಮೆ ಐಡ್ಲಿಂಗ್‌ನಲ್ಲಿಯೂ ಇನ್ನೊಮ್ಮೆ 2500 ಆರ್‌ಪಿಎಂನಲ್ಲಿಯೂ ಬರೆದುಕೊಳ್ಳಿ. ಐಡ್ಲಿಂಗ್‌ನಲ್ಲಿ ಪ್ಲಸ್ 20ರಷ್ಟಿದ್ದ ಮೊತ್ತ 2500ರಲ್ಲಿ ನಾಲ್ಕೈದಕ್ಕೆ ಇಳಿದರೆ ಗಾಳಿ ಸೋರಿಕೆಯೆಂದು ಹೆಚ್ಚುಕಡಿಮೆ ನಿಶ್ಚಯಿಸಬಹುದು. ಐಡ್ಲಿಂಗ್‌ನಲ್ಲಿ ಸೊನ್ನೆಯ ಹತ್ತಿರವಿದ್ದು ಭಾರ ಬಿದ್ದಂತೆಲ್ಲ ಏರುತ್ತಿದ್ದರೆ ಆಗ ಪಂಪ್, ಫ್ಯೂಯಲ್ ಫಿಲ್ಟರ್ ಅಥವಾ ಒಳಬರುವ ಗಾಳಿಯನ್ನು ಅಳೆಯುವ, ಕೊಳೆಯಾದ ಮಾಸ್ ಏರ್‌ಫ್ಲೋ ಸೆನ್ಸರ್ ಕಡೆಗೆ ತಿರುಗಬೇಕು. ಐಡ್ಲಿಂಗ್‌ನಲ್ಲಿ ಮೈನಸ್ ಬಂದರೆ ಪೆಟ್ರೋಲ್ ಹೆಚ್ಚಾಗುತ್ತಿದೆ ಎಂದರ್ಥ: ತೊಟ್ಟಿಕ್ಕುವ ಇಂಜೆಕ್ಟರ್, ಅಥವಾ ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ, ತೆರೆದೇ ಉಳಿದ ಪರ್ಜ್ ವಾಲ್ವ್. ಟ್ಯಾಂಕ್ ತುಂಬಿಸಿದ ಬೆನ್ನಿಗೇ ಎಂಜಿನ್ ತೊಂದರೆ ಕೊಡುವುದು ಈ ವಾಲ್ವ್ ಕೆಟ್ಟಿರುವುದರ ಲಕ್ಷಣ. ಅನೇಕರು ಪಿ0171 ಎಂಬ ಕೋಡ್ ಕಂಡೊಡನೆ ಸ್ಕ್ಯಾನರ್ ಮುಚ್ಚಿಟ್ಟು ಆಕ್ಸಿಜನ್ ಸೆನ್ಸರ್ ಬದಲಾಯಿಸಿಬಿಡುತ್ತಾರೆ. ಆ ಕೋಡ್ ಮಿಶ್ರಣ ತೆಳುವಾಗಿದೆ ಎಂದಷ್ಟೇ ಹೇಳುತ್ತದೆ, ಅದನ್ನು ವರದಿ ಮಾಡಿದ ಸೆನ್ಸರ್ ಕೆಟ್ಟಿದೆ ಎಂದಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ನಿಮ್ಮ ಕಾರಿನಲ್ಲಿ ಮಾಸ್ ಏರ್‌ಫ್ಲೋ ಸೆನ್ಸರ್ ಬದಲು ಮ್ಯಾನಿಫೋಲ್ಡ್ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇದ್ದರೆ, ಸೋರಿ ಬಂದ ಗಾಳಿಯೂ ಒತ್ತಡದ ಲೆಕ್ಕದೊಳಗೆ ಸೇರಿಬಿಡುವುದರಿಂದ ಟ್ರಿಮ್ ಅಷ್ಟಾಗಿ ಕೆಡದೆ ಆರ್‌ಪಿಎಂ ತಾನಾಗಿ ಏರಬಹುದು, ಇಸಿಯು ಅದನ್ನು ಇಳಿಸಲು ಹೋಗಿ ಮುಳ್ಳು ಓಲಾಡಬಹುದು. ಅಂಥ ಕಾರುಗಳಲ್ಲಿ ಟ್ರಿಮ್ ಸರಿಯಿದೆ ಎಂದು ಸೋರಿಕೆಯನ್ನು ತಳ್ಳಿಹಾಕಬಾರದು.

ಸೋರಿಕೆಯನ್ನು ಹುಡುಕುವಾಗ ಬ್ರೇಕ್ ಬೂಸ್ಟರಿನಿಂದಲೇ (ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಬಳಸಿ ಬ್ರೇಕ್ ಒತ್ತಲು ನೆರವಾಗುವ ಭಾಗ) ಆರಂಭಿಸಿ, ಏಕೆಂದರೆ ಬ್ರೇಕ್ ಒತ್ತಿದಾಗ ಬಂದ್ ಬೀಳುತ್ತದೆ ಎಂದು ನೀವೇ ಹೇಳಿದ್ದೀರಿ. ಕಾರು ನಿಂತಿರುವಾಗಲೇ ಪೆಡಲ್ ಒತ್ತಿ ಹಿಡಿಯಿರಿ. ಕಾಲಿನ ಬಳಿ ಎಡೆಬಿಡದೆ ಬುಸ್ ಎಂಬ ಸದ್ದು ಕೇಳಿಸಿ ಐಡ್ಲಿಂಗ್ ಇನ್ನಷ್ಟು ಕೆಟ್ಟರೆ ಬೂಸ್ಟರಿನ ಡಯಾಫ್ರಮ್ ಹರಿದಿರುವ ಸಂಭವ ಹೆಚ್ಚು. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿದರೆ ಪೆಡಲ್ ತುಸು ಕೆಳಗಿಳಿಯಬೇಕು; ಇಳಿಯದಿದ್ದರೆ ಬೂಸ್ಟರಿಗೆ ವ್ಯಾಕ್ಯೂಮ್ ಸಾಲುತ್ತಿಲ್ಲ. ಅದರ ಹೋಸ್ ಮೇಲಿನಿಂದ ನೋಡಿದರೆ ಹೊಸದರಂತೆ ನಯವಾಗಿರುತ್ತದೆ. ಮ್ಯಾನಿಫೋಲ್ಡ್‌ನ ಮೂತಿಗೆ ಸಿಕ್ಕಿಸಿದ ಕಡೆ ಅಡಿಭಾಗವನ್ನು ಬೆರಳಿನಿಂದ ತಡವಿ, ಸ್ವಲ್ಪ ಬಗ್ಗಿಸಿದಾಗ ಮಾತ್ರ ಕೂದಲೆಳೆಯಂಥ ಸೀಳು ಬಾಯಿ ಬಿಡುವುದನ್ನು ನಾನು ಕಂಡಿದ್ದೇನೆ. ರಬ್ಬರ್ ಬಿಸಿಗೆ ಮೆತ್ತಗಾದಾಗ ಇಂಥ ಸೀಳು ಅಗಲಿಸುವುದೂ ಉಂಟು. ಎಂಜಿನ್ ತಣ್ಣಗಿರುವಾಗ ದೋಷ ಕಾಣದಿರುವುದಕ್ಕೆ ಇದೂ ಒಂದು ಕಾರಣ, ತಣ್ಣನೆಯ ಎಂಜಿನ್ನಿಗೆ ಇಸಿಯು ಹೆಚ್ಚು ಪೆಟ್ರೋಲ್ ಕೊಡುವುದು ಇನ್ನೊಂದು.

ಉಳಿದ ವ್ಯಾಕ್ಯೂಮ್ ಹೋಸ್‌ಗಳನ್ನು, ಬಟ್ಟೆ ಸುತ್ತಿದ ಇಕ್ಕಳದಿಂದ ಒಂದೊಂದಾಗಿ ಮೃದುವಾಗಿ ಅದುಮಿ, ಟ್ರಿಮ್ ಯಾವಾಗ ಇಳಿಯುತ್ತದೆ ಎಂದು ನೋಡಿ. ಎಂಜಿನ್ನಿನ ಕೆಳಭಾಗದ ಆವಿಯನ್ನು ಮ್ಯಾನಿಫೋಲ್ಡಿಗೆ ಬಿಡುವ ಪಿಸಿವಿ ವಾಲ್ವ್ ಮರೆಯಬೇಡಿ: ಐಡ್ಲಿಂಗ್‌ನಲ್ಲಿ ಆಯಿಲ್ ತುಂಬುವ ಮುಚ್ಚಳ ಎತ್ತಲಾಗದಷ್ಟು ಬಿಗಿಯಾಗಿ ಎಳೆದು ಹಿಡಿದಿದ್ದರೆ ಅದರ ಡಯಾಫ್ರಮ್ ಹರಿದಿರಬಹುದು. ಕಾರ್ಬ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ಪದ್ಧತಿ ಬಹಳ ಪ್ರಚಲಿತವಾಗಿದ್ದರೂ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಕಾದ ಎಕ್ಸಾಸ್ಟ್ ಪಕ್ಕದಲ್ಲಿ ಬೆಂಕಿ ಹೊತ್ತಿಕೊಳ್ಳುವ ದ್ರವವನ್ನು ಚಿಮ್ಮಿಸುವುದಕ್ಕಿಂತ ವರ್ಕ್‌ಶಾಪಿನಲ್ಲಿ ಸ್ಮೋಕ್ ಟೆಸ್ಟ್ (ಹೊಗೆ ತುಂಬಿಸಿ ಅದು ಎಲ್ಲಿ ಸೋರುತ್ತದೆ ಎಂದು ನೋಡುವುದು) ಮಾಡಿಸುವುದು ಮೇಲು, ಗ್ಯಾಸ್ಕೆಟ್ ಸೋರುತ್ತಿದ್ದರೆ ಅದರಲ್ಲಿಯೇ ಸರಿಯಾಗಿ ತಿಳಿಯುತ್ತದೆ. ಯಾವ ಪರೀಕ್ಷೆಯನ್ನೂ ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಮಾಡಬೇಡಿ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ಥ್ರಾಟಲ್ ಬಾಡಿ ತೊಳೆದ ಮೇಲೆ ಐಡಲ್ ರಿಲರ್ನ್ (ಐಡ್ಲಿಂಗ್‌ಗೆ ಥ್ರಾಟಲ್ ಎಷ್ಟು ತೆರೆಯಬೇಕೆಂದು ಇಸಿಯುಗೆ ಮತ್ತೆ ಕಲಿಸುವುದು) ಮಾಡಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಎಲೆಕ್ಟ್ರಾನಿಕ್ ಥ್ರಾಟಲ್‌ನಲ್ಲಿ ಮಸಿ ತುಂಬಿದ್ದಾಗ ಎಷ್ಟು ತೆರೆಯಬೇಕೆಂದು ಇಸಿಯು ಕಲಿತಿಟ್ಟುಕೊಂಡಿರುತ್ತದೆ. ಮಸಿ ಹೋದ ಮೇಲೆ ಆ ಹಳೆಯ ಲೆಕ್ಕ ಹೊಂದುವುದಿಲ್ಲ, ಮುಳ್ಳು ಓಲಾಡುವುದಕ್ಕೆ ಅಷ್ಟೇ ಸಾಕು. ರಿಲರ್ನ್ ಮಾಡುವ ಕ್ರಮ ಒಂದೊಂದು ಕಾರಿಗೆ ಒಂದೊಂದು ಬಗೆಯಾಗಿರುವುದರಿಂದ ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ನೋಡುವುದು ಒಳ್ಳೆಯದು.

ಇಷ್ಟಾದರೂ ಸೋರಿಕೆ ಸಿಗದಿದ್ದರೆ ಮಿಸ್‌ಫೈರ್, ಅಂದರೆ ಯಾವುದಾದರೂ ಸಿಲಿಂಡರಿನಲ್ಲಿ ಮಿಶ್ರಣ ಸರಿಯಾಗಿ ಉರಿಯದಿರುವುದು, ಇದೆಯೇ ನೋಡಿ. ಪಿ0302 ಎಂಬ ಕೋಡ್ ಎರಡನೆಯ ಸಿಲಿಂಡರನ್ನು ತೋರಿಸುತ್ತದೆ; ಪ್ಲಗ್‌ನ ಮೇಲೆಯೇ ಕೂರುವ ಕಾಯಿಲ್ ಇದ್ದರೆ ಅದನ್ನು ಮೂರನೆಯದಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲ್ ಕೆಟ್ಟಿದೆ, ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಈ ಕ್ರಮದಲ್ಲಿ ಮುಂದುವರಿಯಿರಿ. ಉರಿಯದ ಸಿಲಿಂಡರಿನ ಆಮ್ಲಜನಕ ಹಾಗೆಯೇ ಹೊರಬರುವುದರಿಂದ ಮಿಸ್‌ಫೈರ್ ಇದ್ದಾಗಲೂ ಟ್ರಿಮ್ ಪ್ಲಸ್ ಕಡೆಗೆ ವಾಲಬಹುದು ಎಂಬುದು ನೆನಪಿರಲಿ. ಸುಟ್ಟ ಹೊಗೆಯ ಒಂದಂಶವನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ತೆರೆದು ಸಿಕ್ಕಿಕೊಂಡಿದ್ದರೂ ನಡುಕ ಇದೇ ತೆರನಾಗಿರುತ್ತದೆ. ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಬಗ್ಗೆ ಯೋಚಿಸುವ ಅಗತ್ಯ ಈಗಿಲ್ಲ. ಬಿಸಿಗೆ ಅದು ಕೈಕೊಟ್ಟರೆ ಕಾರು ಓಡುತ್ತಿರುವಾಗಲೂ ಎಂಜಿನ್ ಥಟ್ಟನೆ ನಿಲ್ಲುತ್ತದೆ ಮತ್ತು ತಣಿಯುವ ತನಕ ಸಾಮಾನ್ಯವಾಗಿ ಚಾಲೂ ಆಗುವುದಿಲ್ಲ.

ಬೂಸ್ಟರ್ ಅಥವಾ ಅದರ ಹೋಸ್ ಸೋರುತ್ತಿದೆ ಎಂದು ಖಚಿತವಾದರೆ ರಿಪೇರಿಯಾಗುವವರೆಗೆ ಕಾರನ್ನು ರಸ್ತೆಗೆ ಇಳಿಸಬೇಡಿ, ಬ್ರೇಕ್ ಹಿಡಿಯಲು ಕಾಲಿನ ಬಲ ಬಹಳ ಹೆಚ್ಚು ಬೇಕಾಗುತ್ತದೆ. ಎರಡೂ ವೇಗಗಳ ಟ್ರಿಮ್ ಅಂಕಿಗಳನ್ನು, ಮಾಸ್ ಏರ್‌ಫ್ಲೋ, ಮ್ಯಾಪ್ ಇವುಗಳಲ್ಲಿ ಯಾವ ಸೆನ್ಸರ್ ಇದೆ ಎಂಬುದನ್ನು ತಿಳಿಸಿದರೆ ಮುಂದಿನ ಹೆಜ್ಜೆಯನ್ನು ಇನ್ನಷ್ಟು ಖಚಿತವಾಗಿ ಹೇಳಬಲ್ಲೆ.