ರೀಲ್ ಹಾಕುವ ಮುಂಚೆ ಮಗ್ಗದವರನ್ನು ಕೇಳಿದಿರಾ?

ಇಳಕಲ್ಲಿನಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ.

‘ನಮ್ಮದು ಸೀರೆ ಅಂಗಡಿ. ನಮಗಾಗಿ 12 ಮಗ್ಗ ನಡೆಯುತ್ತವೆ. ಒಂದು ಸೀರೆಗೆ ಐದಾರು ದಿನ ಬೇಕು. ಕೈಮಗ್ಗ ದಿನಕ್ಕೆ ಮಗಳು ಇನ್‌ಸ್ಟಾಗ್ರಾಂನಲ್ಲಿ ಒಂದು ರೀಲ್ ಹಾಕಿದಳು. 15 ದಿನದಲ್ಲಿ ಸೀರೆ ನಿಮ್ಮ ಮನೆಗೆ ಅಂತ ಬರೆದಿದ್ದಳು. 70 ಆರ್ಡರ್ ಬಂತು. ಅರ್ಧದಷ್ಟೂ ಕಳಿಸಲು ಆಗಲಿಲ್ಲ. ಶಿರಸಿಯ ಒಬ್ಬರು ಮದುವೆಗೆ ಅಂತ ಮುಂಗಡ ಕೊಟ್ಟವರು, ಕಾಮೆಂಟಿನಲ್ಲಿ ಮೋಸಗಾರರು ಅಂತ ಬರೆದರು. ನಾನು ಸಿಟ್ಟಿನಲ್ಲಿ ನೇಕಾರರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಹಿರಿಯರಿಗೆ ಬೈದೆ. ಅವರು, “15 ದಿನದಾಗ ಕೊಡ್ತೀವಂತ ಯಾರು ಹೇಳ್ಯಾರ? ನಮ್ಮನ್ನ ಕೇಳೀರೇನು?” ಅಂತ ಹಾಕಿ ಗ್ರೂಪ್ ಬಿಟ್ಟರು. ಈಗ ಒಂದು ಏಜೆನ್ಸಿಯವರು ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಅನ್ನುತ್ತಿದ್ದಾರೆ. ಅವರಿಗೆ ಕೊಡಲಾ? ಇಲ್ಲ, ಈ ಸೋಶಿಯಲ್ ಮೀಡಿಯಾ ಸಹವಾಸವೇ ಬೇಡ ಅಂತ ಬಿಡಲಾ?’

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದೊಳಗೇ ಇದೆ. ಆ ಹಿರಿಯರು ಕೇಳಿದ್ದು ಸರಿಯಾದ ಪ್ರಶ್ನೆ. ಅವರನ್ನು ಯಾರೂ ಕೇಳಿರಲಿಲ್ಲ.

ಒಂದು ಲೆಕ್ಕ ಹಾಕೋಣ. ಒಂದು ಸೀರೆಗೆ ಐದಾರು ದಿನ ಬೇಕು ಅಂತ ನೀವೇ ಬರೆದಿದ್ದೀರಿ. 12 ಮಗ್ಗ ಒಂದು ದಿನವೂ ನಿಲ್ಲದೆ ನಡೆದರೂ 15 ದಿನಕ್ಕೆ ಮೂವತ್ತು ಸೀರೆ, ತುಂಬಾ ಅಂದರೆ ಮೂವತ್ತಾರು. ಅದೂ ಹಾಸು, ಅಂದರೆ ಮಗ್ಗದ ಉದ್ದನೆಯ ನೂಲು, ಸಿದ್ಧವಾಗಿದ್ದರೆ, ಯಾರಿಗೂ ಜ್ವರ ಬರದಿದ್ದರೆ, ಕರೆಂಟ್ ಹೋಗಿ ಮಬ್ಬು ಬೆಳಕಿನಲ್ಲಿ ಕೂರುವಂತೆ ಆಗದಿದ್ದರೆ. ಇಳಕಲ್ ಸೀರೆಯ ಕಷ್ಟ ನಿಮಗೆ ನಾನು ಹೇಳಬೇಕಾಗಿಲ್ಲ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಸೇರಿಸಬೇಕು. ಹೀಗೆ ಸೇರಿಸಿದ ಆ ಟೋಪ ತೆನಿ ಸೆರಗು ಇರುವುದಕ್ಕೇ ಅಲ್ವಾ ಜನ ನಿಮ್ಮ ಊರಿನ ಸೀರೆ ಕೇಳಿಕೊಂಡು ಬರುವುದು? ಮನೆಯ ಹೆಣ್ಣುಮಕ್ಕಳು ಕಂಡಿಕೆಗೆ ನೂಲು ಸುತ್ತಿ ಕೊಡದಿದ್ದರೆ ಮಗ್ಗ ಅಲ್ಲಿಗೇ ನಿಂತಿತು. 70 ಸೀರೆ 15 ದಿನಕ್ಕೆ ಆಗುವುದಿಲ್ಲ ಅಂತ ಅವರಲ್ಲಿ ಯಾರನ್ನು ಕೇಳಿದ್ದರೂ ಒಂದೇ ನಿಮಿಷದಲ್ಲಿ ಹೇಳುತ್ತಿದ್ದರು.

ನಿಮ್ಮ ಮಗಳನ್ನು ದೂರಬೇಡಿ. ಅವಳು ಒಳ್ಳೆಯ ಕೆಲಸ ಮಾಡಿದಳು. 70 ಜನ ಗೊತ್ತಿಲ್ಲದ ಅಂಗಡಿಗೆ ದುಡ್ಡು ಕಳಿಸಿದರು ಅಂದರೆ ಆ ರೀಲ್‌ನಲ್ಲಿ ಏನೋ ಇತ್ತು. ಅಂಗಡಿಯ ಕೌಂಟರಿನಿಂದ ಮಗ್ಗದ ಕುಣಿಗೆ ಮಾತು ಹೋಗುವ ದಾರಿಯೇ ನಿಮ್ಮಲ್ಲಿ ಇರಲಿಲ್ಲ, ತೊಂದರೆ ಆಗಿದ್ದು ಅಲ್ಲಿ. ನಾನು ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಪತ್ರಿಕೆಯಲ್ಲಿ ದೀಪಾವಳಿ ವಿಶೇಷಾಂಕ ಇಂಥ ದಿನ ಬರುತ್ತದೆ ಅಂತ ಫೇಸ್‌ಬುಕ್ಕಿನಲ್ಲಿ ಹಾಕಿಬಿಟ್ಟರು. ಪ್ರಿಂಟಿಂಗ್ ವಿಭಾಗಕ್ಕೆ ಅದು ಗೊತ್ತಾಗಿದ್ದು ಏಜೆಂಟರ ಫೋನಿನಿಂದ. ಮೂರು ರಾತ್ರಿ ಅವರು ಮನೆಗೆ ಹೋಗಲಿಲ್ಲ. ಅಂಕ ಆ ದಿನವೇ ಬಂತು, ಆದರೆ ಆ ವಿಭಾಗದ ಹಿರಿಯರು ನಮ್ಮ ಜೊತೆ ಟೀ ಕುಡಿಯುವುದನ್ನು ಬಿಟ್ಟರು. ನನಗೆ ಇವತ್ತಿಗೂ ಅದು ಕಾಡುತ್ತದೆ.

ಈಗ ಆ ಗ್ರೂಪಿನ ವಿಷಯ. ಎಲ್ಲರೂ ಓದುವ ಕಡೆ, ನಿಮಗಿಂತ ಹಿರಿಯರಿಗೆ, ಬರಹದಲ್ಲಿ ಬೈದಿರಿ. ಬಾಯಲ್ಲಿ ಆಡಿದ್ದು ಸಂಜೆಗೆ ತಣ್ಣಗಾಗುತ್ತದೆ. ಬರೆದದ್ದು ಪ್ರತಿಯೊಬ್ಬರ ಫೋನಿನಲ್ಲಿ ಹಾಗೇ ಕೂತಿರುತ್ತದೆ. ಅವರ ಸೊಸೆ ಓದಿರುತ್ತಾಳೆ, ಮೊಮ್ಮಗ ಓದಿರುತ್ತಾನೆ. ಅವರನ್ನು ಮತ್ತೆ ಗ್ರೂಪಿಗೆ ಸೇರಿಸಿ ಒಂದು ಕೈಮುಗಿಯುವ ಚಿತ್ರ ಹಾಕಿದರೆ ಸರಿಹೋಗುವುದಿಲ್ಲ. ಅವರ ಮನೆಗೆ ಹೋಗಿ. ಮಗಳನ್ನೂ ಕರೆದುಕೊಂಡು ಹೋಗಿ. ‘ಕಾಕಾ, ತಪ್ಪು ನಮ್ಮದು’ ಅಂತ ಹೇಳಿ. ಆಮೇಲೆ ಅದೇ ಮಾತನ್ನು ಗ್ರೂಪಿನಲ್ಲೂ ಬರೆಯಿರಿ, ಯಾಕೆಂದರೆ ಬೈಗುಳ ಎಲ್ಲರೂ ಓದಿದ್ದಾರೆ.

ಆ ಗ್ರೂಪನ್ನು ಮುಚ್ಚಬೇಡಿ, ಆದರೆ ಅದರ ಕೆಲಸ ಚಿಕ್ಕದು ಮಾಡಿ. ನೂಲು ಯಾವತ್ತು ಬರುತ್ತದೆ, ಕೂಲಿ ಯಾವತ್ತು ಕೊಡುತ್ತೀರಿ, ಯಾವ ಬಣ್ಣಕ್ಕೆ ಬೇಡಿಕೆ ಇದೆ, ಇಷ್ಟು ಸಾಕು. ಓದಲು ಕಷ್ಟಪಡುವವರಿಗೆ ನಿಮ್ಮ ಮಾತಿನಲ್ಲೇ ವಾಯ್ಸ್ ಮೆಸೇಜ್ ಕಳಿಸಿ. ರಾತ್ರಿ ಹನ್ನೊಂದಕ್ಕೆ ಏನೂ ಹಾಕಬೇಡಿ. ಇನ್ನೊಂದು ಮಾತು: ನೀಲಿ ಟಿಕ್ ಬಂದರೆ ಅವರು ಮೆಸೇಜ್ ತೆರೆದರು ಅಂತ ಮಾತ್ರ ಅರ್ಥ. ಒಪ್ಪಿದರು ಅಂತ ಅದರಿಂದ ಗೊತ್ತಾಗುವುದಿಲ್ಲ. ಹೊಸ ಆರ್ಡರ್ ಒಪ್ಪಿಕೊಳ್ಳುವ ಮುಂಚೆ ‘ಯಾವತ್ತಿಗೆ ಆಗುತ್ತದೆ?’ ಅಂತ ಫೋನ್ ಮಾಡಿ ಕೇಳಿ. ಅವರು ಹೇಳಿದ ತಾರೀಕಿಗೆ ಒಂದು ವಾರ ಸೇರಿಸಿ ಗ್ರಾಹಕರಿಗೆ ತಿಳಿಸಿ. ವಾರಕ್ಕೊಮ್ಮೆ ಮಗಳು ಮಗ್ಗಗಳ ಹತ್ತಿರ ಸುತ್ತಿ ಬರಲಿ. ರೀಲ್‌ಗೆ ಬೇಕಾದದ್ದೂ ಅವಳಿಗೆ ಅಲ್ಲೇ ಸಿಗುತ್ತದೆ.

ಅಂಗಡಿಯಲ್ಲಿ ರೇಶ್ಮೆ ಸೀರೆ ಹರಡಿ, ಹಾಡು ಹಾಕಿ ತೆಗೆದ ವಿಡಿಯೊ ಸಾವಿರ ಇವೆ. ಟೋಪ ತೆನಿ ಹಾಕುವ ಕೈಗಳನ್ನು ತೋರಿಸಿದವರು ಎಷ್ಟು ಜನ? ಸೀರೆ ಅಂಚಿನ ವಿನ್ಯಾಸಗಳಾದ ಗೋಮಿ ದಡಿಗೂ ಚಿಕ್ಕಿ ಪರಾಸಿಗೂ ಏನು ವ್ಯತ್ಯಾಸ ಅಂತ ಬೆಂಗಳೂರಿನ ನಮ್ಮ ಓದುಗರಿಗೆ ಗೊತ್ತಿಲ್ಲ. ನನಗೂ ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ಸೆರಗಿನ ಮೇಲೆ ಈ ವಿನ್ಯಾಸ ಹಣಿಗೆ, ಅಂದರೆ ಬಾಚಣಿಗೆ, ಆ ವಿನ್ಯಾಸ ಕೋಟೆಯ ಗೋಡೆ ಅಂತ ಆ ಹಿರಿಯರೇ ಹೇಳಿದರೆ ಕೇಳುವವರು ಇದ್ದಾರೆ. ಅವರ ಒಪ್ಪಿಗೆ ಕೇಳಿ, ಅವರ ಹೆಸರು ಹಾಕಿ. ಬೇಡ ಅಂದರೆ ಬಿಡಿ. ಫಿಲ್ಟರ್ ಮಾತ್ರ ಹಾಕಬೇಡಿ. ಸೆರಗಿನ ಕೆಂಪು ಫೋನಿನಲ್ಲಿ ಒಂದು ಥರ, ಕೈಗೆ ಬಂದಾಗ ಇನ್ನೊಂದು ಥರ ಇದ್ದರೆ ಸೀರೆ ವಾಪಸ್ ಬರುತ್ತದೆ. ಬಾಗಿಲ ಹತ್ತಿರ, ಹಗಲು ಬೆಳಕಿನಲ್ಲಿ ತೆಗೆಯಿರಿ. ಮೈ ಹತ್ತಿಯೋ, ಅರ್ಧ ರೇಶ್ಮೆಯೋ, ಪೂರ್ತಿ ರೇಶ್ಮೆಯೋ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಪವರ್‌ಲೂಮ್ ಸೀರೆಯನ್ನು ಕೈಮಗ್ಗ ಅಂತ ಮಾರುವವರು ಜಾಸ್ತಿ ಇರುವ ಮಾರುಕಟ್ಟೆ ಇದು. ನಿಮ್ಮ ಅಂಗಡಿಯಲ್ಲಿ ಎರಡೂ ಇದ್ದರೆ ಎರಡನ್ನೂ ಬೇರೆ ಬೇರೆಯಾಗಿ ತೋರಿಸಿ. ಇಳಕಲ್ ಸೀರೆಗೆ ಇರುವ ಜಿಐ (ಭೌಗೋಳಿಕ ಗುರುತು) ಮಾನ್ಯತೆಗೆ ಬೆಲೆ ಉಳಿಯುವುದು ನಿಮ್ಮಂಥವರು ಹೀಗೆ ನಡೆದುಕೊಂಡಾಗ.

ಹಳೆಯ ಗ್ರಾಹಕರಿಗೆ ಗ್ರೂಪ್ ಮಾಡಬೇಡಿ, ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ವಾಟ್ಸಾಪ್‌ನಲ್ಲೇ ಬ್ರಾಡ್‌ಕಾಸ್ಟ್ ಪಟ್ಟಿ ಇದೆ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು. ಮೆಸೇಜ್ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಹೋಗುತ್ತದೆ. ಆದರೆ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ತಲುಪುವುದಿಲ್ಲ. 2018ರಿಂದ ಅಂಗಡಿಯವರಿಗೆ ಅಂತಲೇ ವಾಟ್ಸಾಪ್ ಬಿಸಿನೆಸ್ ಆ್ಯಪ್ ಇದೆ. ಅದರಲ್ಲಿ ಮುಂಗಡ ಬಂದದ್ದು, ಮಗ್ಗದಲ್ಲಿರುವುದು, ಕಳಿಸಿದ್ದು ಅಂತ ಗುರುತು ಹಚ್ಚಿ ಇಡಬಹುದು. ಎಪ್ಪತ್ತು ಆರ್ಡರಿನ ಗೋಜಲು ಅರ್ಧ ಅಲ್ಲೇ ಬಿಡಿಸಿಕೊಳ್ಳುತ್ತದೆ.

ಕಾಮೆಂಟ್‌ಗಳನ್ನು ಅಳಿಸಬೇಡಿ. ಅಳಿಸಿದರೆ ಅವರು ಸ್ಕ್ರೀನ್‌ಶಾಟ್ ಹಿಡಿದು ಇನ್ನೊಂದು ಕಡೆ ಬರೆಯುತ್ತಾರೆ. ಅವರ ದುಡ್ಡು ನಿಮ್ಮ ಹತ್ತಿರ ಇದೆ, ಬರೆಯುವ ಹಕ್ಕು ಅವರಿಗಿದೆ. ‘ತಡವಾಗಿದ್ದು ನಿಜ, ನಾವು ಆಗದ ದಿನ ಹೇಳಿದೆವು, ಇವತ್ತೇ ಫೋನ್ ಮಾಡುತ್ತೇವೆ’ ಅಂತ ಅಲ್ಲೇ ಬರೆಯಿರಿ. ಕಾಯುತ್ತೀರಾ, ದುಡ್ಡು ವಾಪಸ್ ಬೇಕಾ ಅಂತ ಒಬ್ಬೊಬ್ಬರನ್ನೂ ಕೇಳಿ. ಆನ್‌ಲೈನ್ ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2020ರಲ್ಲಿ ತಂದ ನಿಯಮಗಳಲ್ಲಿ, ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಅಂತ ಇದೆ. ಸಣ್ಣ ಅಂಗಡಿಯಾದರೂ ಅದೇ ಅಳತೆ ಇಟ್ಟುಕೊಳ್ಳಿ.

ಏಜೆನ್ಸಿ ಈಗ ಬೇಡ ಅಂತ ನನ್ನ ಅಭಿಪ್ರಾಯ. ಊರಲ್ಲೇ ಇದ್ದ ಮಗಳಿಗೇ ಮಗ್ಗದ ಸುದ್ದಿ ತಲುಪಲಿಲ್ಲ. ದೂರದ ಆಫೀಸಿನಲ್ಲಿ ಕೂತವರಿಗೆ ಹೇಗೆ ತಲುಪುತ್ತದೆ? ಅವರು ತರುವುದು ಇನ್ನಷ್ಟು ಆರ್ಡರ್. ನಿಮಗೆ ಈಗ ಬೇಕಿರುವುದು ಇರುವ ಆರ್ಡರ್ ಮುಗಿಸುವ ದಾರಿ. ಮುಂದೆ ಯಾವಾಗಲಾದರೂ ಇನ್‌ಫ್ಲುಯೆನ್ಸರ್‌ಗಳಿಗೆ ದುಡ್ಡು ಕೊಟ್ಟರೆ, ಅಥವಾ ಸುಮ್ನೆ ಒಂದು ಸೀರೆ ಕೊಟ್ಟರೂ, ಅದು ಜಾಹೀರಾತು ಅಂತ ವಿಡಿಯೊದಲ್ಲಿ ಸ್ಪಷ್ಟವಾಗಿ ಹೇಳಬೇಕು. ಜಾಹೀರಾತು ಕ್ಷೇತ್ರದ ಸಂಸ್ಥೆ ಎಎಸ್‌ಸಿಐ 2021ರಲ್ಲೇ ಇದನ್ನು ಹೇಳಿದೆ. 2023ರಲ್ಲಿ ಕೇಂದ್ರ ಸರ್ಕಾರವೂ ಹೇಳಿದೆ.

ರೀಲ್ ತೆಗೆಯಬೇಡಿ. ಕೆಳಗಿನ ಬರಹ ತಿದ್ದಿ: ‘ಕೈಯಲ್ಲಿ ನೇಯುವ ಸೀರೆ. ಈಗ ಹೇಳಿದರೆ ಇಂಥ ತಿಂಗಳಿಗೆ ಸಿಗುತ್ತದೆ.’ ಆ ತಿಂಗಳು ಯಾವುದು ಅಂತ ಕಾಕಾ ಹೇಳಲಿ. ಶಿರಸಿಯವರಿಗೆ ಮಾತ್ರ ಇವತ್ತೇ ಫೋನ್ ಮಾಡಿ. ಮದುವೆ ಯಾವ ತಾರೀಕು ಅಂತ ಮೊದಲು ಕೇಳಿ.

- ಸಂಪಾದಕ