ನಗರಕೇಂದ್ರಕ್ಕೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ವಿಧಿಸಿದರೆ ಸಂಚಾರ ನಿಜವಾಗಿಯೂ ಕಡಿಮೆಯಾಗುತ್ತದೆಯೇ?

ಕಡಿಮೆಯಾಗುತ್ತದೆ, ಇದಕ್ಕೆ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಅಲ್ಲಿ 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗಾರ್ಥವಾಗಿ, ನಗರಕೇಂದ್ರದ ಗಡಿ ದಾಟುವ ವಾಹನಗಳ ನಂಬರ್ ಪ್ಲೇಟನ್ನು ಕ್ಯಾಮೆರಾಗಳಿಂದ ಗುರುತಿಸಿ, ಹೊತ್ತಿಗೆ ತಕ್ಕಂತೆ 10, 15 ಅಥವಾ 20 ಕ್ರೋನಾ (ಅಲ್ಲಿನ ನಾಣ್ಯ), ದಿನಕ್ಕೆ ಹೆಚ್ಚೆಂದರೆ 60 ಕ್ರೋನಾ ವಸೂಲು ಮಾಡಲಾಯಿತು. ರಾತ್ರಿ ಮತ್ತು ವಾರಾಂತ್ಯಗಳಲ್ಲಿ ಶುಲ್ಕವಿರಲಿಲ್ಲ.

ಗಡಿ ದಾಟುವ ಸಂಚಾರ ಸುಮಾರು ಐದನೇ ಒಂದರಷ್ಟು ಇಳಿಯಿತು. ಇದು ಅಲ್ಪವೆಂದು ತೋರಬಹುದು. ಆದರೆ ತುಂಬಿ ನಿಂತ ರಸ್ತೆಯಲ್ಲಿ ಕೆಲವೇ ವಾಹನಗಳು ಕಡಿಮೆಯಾದರೂ ಕಾಯುವ ಸಮಯ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ತಗ್ಗುತ್ತದೆ. ಹೆಚ್ಚುವರಿ ಬಸ್‌ಗಳನ್ನು 2005ರಲ್ಲೇ ಓಡಿಸಿದ್ದರೂ ಕಾರುಗಳು ಗಮನಾರ್ಹವಾಗಿ ಇಳಿದದ್ದು ಶುಲ್ಕ ಬಂದ ಮೇಲೆಯೇ, ಪ್ರಯೋಗ ಮುಗಿದೊಡನೆ ಅವುಗಳಲ್ಲಿ ಹೆಚ್ಚಿನವು ಮರಳಿದವು ಎಂಬುದರಿಂದ, ಪರಿಣಾಮ ಶುಲ್ಕದ್ದೇ ಎಂದು ಧೈರ್ಯವಾಗಿ ಹೇಳಬಹುದು.

ವಿವಾದವಿರುವುದು ನ್ಯಾಯದ ವಿಷಯದಲ್ಲಿ. ಮೊದಲು ವಿರೋಧಿಸಿದ್ದ ನಗರವಾಸಿಗಳು ಸೆಪ್ಟೆಂಬರ್ 2006ರ ಜನಮತದಲ್ಲಿ ಬಹುಮತದಿಂದ ಶುಲ್ಕವನ್ನು ಒಪ್ಪಿದರು. ಸುತ್ತಲಿನ ಹಲವು ಪುರಸಭೆಗಳ ಮತದಾರರಾದರೋ, ಹಣ ತೆರುವವರು ತಾವು, ನೆಮ್ಮದಿ ನಗರದವರಿಗೆ ಎಂಬ ಅಸಮಾಧಾನದಿಂದ ತಿರಸ್ಕರಿಸಿದರು. ಆದರೂ ಆಗಸ್ಟ್ 2007ರಲ್ಲಿ ಅದು ಶಾಶ್ವತವಾಯಿತು, ಆದಾಯವನ್ನು ಸರ್ಕಾರ ಹೊಸ ರಸ್ತೆಗಳಿಗೆ ಮೀಸಲಿಟ್ಟಿತು (ವಿಚಿತ್ರವೆನಿಸಿದರೂ ರಾಜಕೀಯ ಒಪ್ಪಂದ ಕುದುರಿದ್ದೇ ಹಾಗೆ). ಕೆಲಸದ ವೇಳೆಯನ್ನು ಬದಲಿಸಲಾಗದ, ಮನೆ ಬಳಿ ಬಸ್ಸೂ ಇಲ್ಲದ ಕಡಿಮೆ ಆದಾಯದವರಿಗೆ ಈ ಶುಲ್ಕ ನಿಜಕ್ಕೂ ಹೊರೆಯೇ. ಆದ್ದರಿಂದ ಆ ಹಣ ಮೊದಲು ಸಾರ್ವಜನಿಕ ಸಾರಿಗೆಗೆ ಹೋಗಬೇಕೆಂಬ ವಾದವೇ ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ.